ಮಾಸ್ತರು ಬರೆದ ಜೂನ್ 1

ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ. ಅವ್ವ ಈಗಲೂ ಹೇಳುತ್ತಾಳೆ, "ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ, ನೀ ಬಂದಿ." 1964ರ ಶ್ರಾವಣ, ಅಂದರೆ ಆಗಸ್ಟ್. ಆದರೆ ಶಾಲೆಗೆ ಹಾಕುವಾಗ ಮಾಸ್ತರು ನನ್ನ ಬಲಗೈ ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಜೂನ್ 1, 1964 ಅಂತ ಬರೆದುಕೊಂಡರು. ನಮ್ಮ ಕಡೆ ಆ ವಯಸ್ಸಿನವರನ್ನು ಕೇಳಿ ನೋಡಿ, ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ. ಆ ಶಾಲೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ತಾರೀಖು ಮಾತ್ರ ಮುಳುಗಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಒಂದನೇ ತಾರೀಖು ಹುಟ್ಟಿದವನಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. 2024ರ ಮೇ 31ಕ್ಕೆ ಬಾಗಲಕೋಟೆ ನವನಗರದ ಕಚೇರಿಯಿಂದ ಶಾಲು, ಹಾರ ಹಾಕಿಸಿಕೊಂಡು ಮನೆಗೆ ಬಂದೆ. ರಾಜ್ಯದ ಏಳನೇ ವೇತನ ಆಯೋಗದ ಸಂಬಳ ಶುರುವಾಗಿದ್ದು ಆಗಸ್ಟ್ 1ರಿಂದ. ಪಕ್ಕದ ಟೇಬಲ್ಲಿನ ಗೆಳೆಯ ಸೇವೆಯಲ್ಲಿ ನನಗಿಂತ ಕಿರಿಯ, ಹುದ್ದೆ ಒಂದೇ. ಆಗಸ್ಟ್‌ನಲ್ಲಿ ದವಾಖಾನೆಯಲ್ಲಿ ಹುಟ್ಟಿದವನು, ಹಾಗಾಗಿ ತಾರೀಖು ಸರಿಯಾಗಿತ್ತು. ಅವನು ನಿವೃತ್ತನಾಗಿದ್ದು ಆಗಸ್ಟ್ 31ಕ್ಕೆ. "ಸಾಹೇಬ್ರ, ನಿಮ್ಮ ಮಾಸ್ತರು ಎರಡೂವರಿ ತಿಂಗಳು ಮುಂದಕ್ಕ ಬರ್ದಿದ್ರ ಏನ್ ಹೋಗ್ತಿತ್ರಿ?" ಅಂತ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನಗು ಬರಲಿಲ್ಲ.

ಕೆ. ಸುಧಾಕರ ರಾವ್ ಅಧ್ಯಕ್ಷರಾಗಿದ್ದ ಆ ಆಯೋಗದ ವರದಿಯಂತೆ ಹೊಸ ವೇತನ 2022ರ ಜುಲೈ 1ರಿಂದಲೇ ಜಾರಿ. ಆದರೆ ಆ ದಿನದಿಂದ ಅದು 'ಕಾಲ್ಪನಿಕ', ಕೈಗೆ ದುಡ್ಡು 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳಲ್ಲಿ ನಿವೃತ್ತರಾದವರಿಗೆ ಪಿಂಚಣಿಯನ್ನು ಹೊಸ ಲೆಕ್ಕಕ್ಕೆ ತಂದರು, ಅದು ಸರಿ. ನಿವೃತ್ತಿಗೆ ಒಂದೇ ಸಲ ಕೊಡುವ ಗ್ರ್ಯಾಚುಟಿ, ಪಿಂಚಣಿಯ ಒಂದು ಪಾಲು ಮಾರಿ ಒಟ್ಟಿಗೆ ದುಡ್ಡು ಪಡೆಯುವ ಕಮ್ಯುಟೇಶನ್, ರಜೆ ನಗದೀಕರಣ ಮಾತ್ರ ಹಳೆಯ ಸಂಬಳದ ಮೇಲೆಯೇ.

ಲೆಕ್ಕಕ್ಕೆ ಹಳೆ ಮೂಲ ವೇತನ 50 ಸಾವಿರ ಅಂತ ಹಿಡಿಯಿರಿ. ಅದಕ್ಕೆ ಶೇ. 31 ತುಟ್ಟಿಭತ್ಯೆ, ಶೇ. 27.5 ಹೆಚ್ಚಳ ಸೇರಿದರೆ 79 ಸಾವಿರ ದಾಟುತ್ತದೆ. ಇದರಲ್ಲಿ 31 ಮೊದಲೇ ಸಿಗುತ್ತಿದ್ದ ಭತ್ಯೆ, ಅದನ್ನು ಹೊಸ ಹೆಚ್ಚಳ ಅಂತ ನಾನು ಹೇಳುವುದಿಲ್ಲ. ಆದರೆ ಕಮ್ಯುಟೇಶನ್‌ಗೆ ಭತ್ಯೆ ಲೆಕ್ಕಕ್ಕೇ ಬರುವುದಿಲ್ಲ. ಪಿಂಚಣಿ ಮೂಲ ವೇತನದ ಅರ್ಧ, ಅದರ ಮೂರನೇ ಒಂದು ಭಾಗದವರೆಗೆ ಮಾರಿಕೊಳ್ಳಬಹುದು. ಗೆಳೆಯ 39 ಸಾವಿರ ಚಿಲ್ಲರೆಯ ಮೇಲೆ ಮಾರಿಕೊಂಡರೆ ನಾನು 25 ಸಾವಿರದ ಮೇಲೆ. ಏಟು ಬೀಳುವುದು ಇಲ್ಲೇ.

ಸರ್ಕಾರದ ಬೊಕ್ಕಸದ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಖಜಾನೆ ಬಿಲ್ಲು ಬರೆದೇ ಕೂದಲು ಹಣ್ಣಾಗಿದೆ. 25 ತಿಂಗಳ ಸಂಬಳದ ಬಾಕಿ ಬೇಡ, ಅದನ್ನು ಸೇವೆಯಲ್ಲಿದ್ದವರೂ ಬಿಟ್ಟುಕೊಟ್ಟರು. ಆದರೆ ಅವರಿಗೆ ನಾಳೆ ಹೊಸ ಸಂಬಳದ ಮೇಲೆ ಗ್ರ್ಯಾಚುಟಿ ಇದ್ದೇ ಇದೆ. ನಮಗೆ ಅದು ಬಂದದ್ದೇ ಒಂದು ಸಲ. ಎಲ್ಲರೂ ಒಂದು ಹಿಡಿ ಬಿಟ್ಟರೆ ನಾವು ಇಡೀ ಬುತ್ತಿ ಬಿಟ್ಟಂತಾಯಿತು, ಅಲ್ವಾ? ಪಿಂಚಣಿಗೆ 'ಕಾಲ್ಪನಿಕ' ಸಂಬಳ ನಿಜವಾದರೆ ಗ್ರ್ಯಾಚುಟಿಗೆ ಅದೇ ಸಂಬಳ ಹೇಗೆ ಸುಳ್ಳಾಗುತ್ತದೆ? ಇದಕ್ಕೆ ಯಾವ ಸಾಹೇಬರೂ ನನಗೆ ಉತ್ತರ ಕೊಟ್ಟಿಲ್ಲ. "ಆದೇಶದಾಗ ಹಂಗೈತ್ರಿ" ಅಂದರು, ಅಷ್ಟೇ.

ಈ ಹೊಸ ವೇತನಕ್ಕಾಗಿ ನಡೆದ 2023ರ ಮಾರ್ಚ್ 1ರ ಮುಷ್ಕರದಲ್ಲಿ ಕೆಲಸ ಬಿಟ್ಟು ಕೂತವರಲ್ಲಿ ನಾವೂ ಇದ್ದೆವು. ಅವತ್ತೇ ಶೇ. 17 ಮಧ್ಯಂತರ ಪರಿಹಾರದ ಆದೇಶ ಬಂತು. ನೌಕರರ ಸಂಘದ ಹುಡುಗರಿಗೆ ಇದು ಮರೆತಂತಿದೆ. ಮರೆಯಲಿ ಬಿಡಿ, ಅವರೂ ಅರವತ್ತಾಗುವವರೇ.

ಬೆಳಗಾವಿ ಅಧಿವೇಶನ ನಡೆದಾಗ ಸುವರ್ಣಸೌಧದ ಹತ್ತಿರ ನಿವೃತ್ತರ ಧರಣಿಯ ಟೆಂಟಿನಲ್ಲಿ ಒಂದು ದಿನ ಕೂತು ಬಂದೆ. ಡಿಸೆಂಬರ್ ಥಂಡಿ, ಎಲ್ಲರ ತಲೆಗೂ ಮಫ್ಲರ್. ಒಬ್ಬ ನಿವೃತ್ತ ಮೇಷ್ಟ್ರು ಮಗಳ ಮದುವೆ ಸಾಲದ ಲೆಕ್ಕ ಹೇಳಿದರು. ನನಗೇನೂ ಅಂಥ ತಾಪತ್ರಯ ಇಲ್ಲ, ಮಕ್ಕಳು ದುಡಿಯುತ್ತಾರೆ. ಆದರೂ ಅವರ ಪಕ್ಕದಿಂದ ಎದ್ದು ಬರಲು ಆಗಲಿಲ್ಲ.

2022ರ ಜುಲೈ 1ರಿಂದ 2024ರ ಜುಲೈ 31ರ ಒಳಗೆ ನಿವೃತ್ತರಾದವರು ಈ ಕಡೆ ಇದ್ದರೆ ಪಿಪಿಓ (ಪಿಂಚಣಿ ಪಾವತಿ ಆದೇಶ) ಪ್ರತಿ, ಕಮ್ಯುಟೇಶನ್ ಕಾಗದ ತೆಗೆದಿಟ್ಟುಕೊಳ್ಳಿ. ಮುಂದಿನ ಮನವಿಗೆ ಎಲ್ಲರ ಸಹಿ ಬೇಕು. ಬರಹ ನಾನೇ ಮಾಡುತ್ತೇನೆ, ಅಷ್ಟು ಗುಮಾಸ್ತಿಕೆ ಇನ್ನೂ ಕೈಯಲ್ಲಿದೆ.