ಮೂಗು ಸೋರಿದರೆ ಆಂಟಿಬಯಾಟಿಕ್ ಯಾಕೆ?

ಈಗಷ್ಟೇ ಅಗ್ರಹಾರದ ಒಂದು ಮೆಡಿಕಲ್ಸ್‌ನಿಂದ ಬಂದೆ. ಹೊಟ್ಟೆ ಉರಿಯುತ್ತಿದೆ.

ನನ್ನ ಮುಂದೆ ಒಬ್ಬ ತಾಯಿ, ಕಂಕುಳಲ್ಲಿ ಮೂಗು ಸೋರುವ ಮಗು. ‘ಅಣ್ಣಾ, ಶೀತ ಆಗಿದೆ, ಹೋದ್ಸಲ ಕೊಟ್ರಲ್ಲ, ಅದೇ ಆಂಟಿಬಯಾಟಿಕ್ ಕೊಡಿ’ ಅಂದರು. ಅಂಗಡಿಯವರು ಚೀಟಿ ಕೇಳಲಿಲ್ಲ. ಪುಡಿ ಇದ್ದ ಬಾಟಲಿ ತೆಗೆದು, ‘ಈ ಗೆರೆ ತನಕ ಕಾಯಿಸಿ ಆರಿಸಿದ ನೀರು ಹಾಕಿ ಕುಲುಕಿ’ ಅಂದರು. ಅಷ್ಟೇ.

ಕ್ಲಾಸಿನಲ್ಲಿ ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುವ ವೈರಸ್ಸಿನ ಚಿತ್ರ ಎಷ್ಟು ಚಿಕ್ಕದು ಗೊತ್ತಾ? ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ಎಳೆ. ಅದರ ಸುತ್ತ ಪ್ರೋಟೀನಿನ ಚಿಪ್ಪು, ಅದೇ ಕ್ಯಾಪ್ಸಿಡ್. ಕೆಲವಕ್ಕೆ ಮೇಲೊಂದು ಕೊಬ್ಬಿನ ಹೊದಿಕೆ, ಅದೂ ನಮ್ಮ ಜೀವಕೋಶದಿಂದಲೇ ಕಿತ್ತುಕೊಂಡದ್ದು. ವೈರಸ್ ಅಂದರೆ ಇಷ್ಟೇ. ಆಂಟಿಬಯಾಟಿಕ್ ಸಾಮಾನ್ಯವಾಗಿ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು, ಇಲ್ಲವೇ ಅದು ಪ್ರೋಟೀನ್ ತಯಾರಿಸುವ ರೈಬೋಸೋಮನ್ನು ಕೆಡಿಸುತ್ತದೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ರೈಬೋಸೋಮೂ ಇಲ್ಲ. ನಮ್ಮ ಕೋಶದೊಳಗೆ ನುಗ್ಗಿ ನಮ್ಮದರಿಂದಲೇ ಕೆಲಸ ಮಾಡಿಸಿಕೊಳ್ಳುತ್ತದೆ. ಶೀತ ಬರುವುದು ಇಂಥ ವೈರಸ್ಸಿನಿಂದ. ಆ ಬಾಟಲಿ ಏನನ್ನು ಒಡೆಯಬೇಕು ಹೇಳಿ?

ನಮ್ಮ ಹುಣಸೂರು ಕಡೆಯವರಿಗೆ ಹೊಗೆಸೊಪ್ಪಿನ ಮೊಸಾಯಿಕ್ ರೋಗ ಗೊತ್ತು, ಅದೂ ವೈರಸ್ಸಿನದೇ ಕೆಲಸ. ಎಲೆ ಪೂರ್ತಿ ತಿಳಿ ಹಸಿರು, ಕಡು ಹಸಿರು ಮಚ್ಚೆ. 1892ರಲ್ಲಿ ರಷ್ಯಾದ ವಿಜ್ಞಾನಿ ಇವನೋವ್‌ಸ್ಕಿ ಅಂಥ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿದರು. ಆದರೂ ರಸ ಒಳ್ಳೆ ಗಿಡಕ್ಕೆ ರೋಗ ತಂದಿತು! 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಹರಳು ಮಾಡಿ ತೋರಿಸಿದರು. ಒಂದೇ ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಸುರುಳಿಯಾಗಿ ಕೂತ 2130 ಪ್ರೋಟೀನ್ ತುಣುಕು. ಮುಸುಕಿನ ಜೋಳದ ತೆನೆಯಲ್ಲಿ ಕಾಳು ಒತ್ತಾಗಿ ಕೂರುವುದಿಲ್ಲವೇ, ಹಾಗೆ. ಪ್ರತಿ ಸಲ ಇದನ್ನು ಪಾಠ ಮಾಡುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

‘ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಗುತ್ತೆ ಸಾರ್’ ಅನ್ನುತ್ತೀರಿ. ನಿಜ. ಆದರೆ ಆ ಬಾಟಲಿಗೂ ದುಡ್ಡು ಕೊಟ್ಟಿರಲ್ಲ? ‘ಹೋದ್ಸಲ ವಾಸಿಯಾಯ್ತು’ ಅನ್ನುವುದೂ ಬೇಡ. ಶೀತ ಸಾಮಾನ್ಯವಾಗಿ ಏಳೆಂಟು ದಿನಕ್ಕೆ ತಾನಾಗೇ ಹೋಗುತ್ತದೆ. ಬಾಟಲಿ ಸಾಯಿಸುವುದು ಮಗುವಿನ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನು. ಅದಕ್ಕೆ ಬಗ್ಗದೆ ಉಳಿದ ಬ್ಯಾಕ್ಟೀರಿಯಾಗಳಿಂದಾಗಿ ಮುಂದೆ ನಿಜವಾಗಿ ಬೇಕಾದಾಗ ಆಂಟಿಬಯಾಟಿಕ್ ಕೈ ಕೊಡಬಹುದು. ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದೆಯಾ ಅಂತ ನೋಡಿ ಬರೆದುಕೊಡಬೇಕಾದವರು ಡಾಕ್ಟರು.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ತಾಯಿಯ ಹಿಂದೆಯೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಗುರುತಿಲ್ಲದವರಿಗೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ಮನೆಗೆ ಬಂದ ಮೇಲೂ ಆ ಮಗುವಿನ ಮುಖವೇ ಕಣ್ಣ ಮುಂದಿದೆ. ನಾಳೆ ಅಂಗಡಿಗೆ ಹೋಗಿ, ಚೀಟಿ ಇಲ್ಲದೆ ಮಕ್ಕಳಿಗೆ ಇದನ್ನು ಕೊಡಬೇಡಿ ಅಂತ ಎದುರಿಗೇ ನಿಂತು ಹೇಳುತ್ತೇನೆ.