ಫ್ಯಾನ್ ಬೇಕಾ ಹೇಳಿ, ಸಂಬಳ ಕೇಳ್ಬೇಡಿ

"ಸಂಬಳಕ್ಕೆಲ್ಲ ಯಾರಾದ್ರೂ ದಾನ ಕೊಡ್ತಾರೇನ್ರೀ? ಫ್ಯಾನ್ ಬೇಕಾ ಹೇಳಿ, ವೀಲ್‌ಚೇರ್ ಬೇಕಾ ಹೇಳಿ." ಮೂಡಿಗೆರೆಯ ತೋಟದ ಯಜಮಾನರೊಬ್ಬರು ಹೀಗಂದಾಗ ಅವರ ಮನೆಯ ಕಾಫಿ ನನ್ನ ಗಂಟಲಲ್ಲೇ ನಿಂತಿತು. ಕೆಟ್ಟವರಲ್ಲ ಅವರು. ಊರ ಶಾಲೆಗೆ ಬೆಂಚು ಕೊಟ್ಟವರು, ದೇವಸ್ಥಾನಕ್ಕೆ ಗ್ರಾನೈಟ್ ಹಾಕಿಸಿದವರು. ನಾನೂ ನಮ್ಮ ಮೇಷ್ಟ್ರೂ ಕೇಳಲು ಹೋಗಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯ ಸಂಬಳವನ್ನು.

ಮೇಷ್ಟ್ರು ನಿವೃತ್ತರಾದ ಮೇಲೆ ಕಟ್ಟಿದ ಪುಟ್ಟ ಟ್ರಸ್ಟು ಅದು. ಬಣಕಲ್, ಕೊಟ್ಟಿಗೆಹಾರ, ಗೋಣಿಬೀಡು ಕಡೆ ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಾರೆ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಮಕ್ಕಳೇ ಹೆಚ್ಚು. ಟ್ರಸ್ಟಿನ ಕೋಣೆಯಲ್ಲಿ ದಾನಿಗಳ ಹೆಸರು ಹೊತ್ತ ವೀಲ್‌ಚೇರುಗಳು ಸಾಲಾಗಿ ನಿಂತಿವೆ. ತೋಟದ ಏರುದಾರಿಯಲ್ಲಿ ಅವು ಉರುಳುವುದೇ ಇಲ್ಲ. ವಾರವಾರ ಬಂದು, ಕಾಲು ಚಾಚಿಸಿ ಮಡಚಿಸಿ, ಅದನ್ನೇ ತಾಯಿಗೂ ಕಲಿಸಿ ಹೋಗುವ ಒಬ್ಬರು ಆ ಮಕ್ಕಳಿಗೆ ಬೇಕು. ಆದರೆ ಆ ಹುಡುಗಿಯ ಬೆನ್ನ ಮೇಲೆ ದಾನಿಯ ಹೆಸರು ಬರೆಸಲಾಗುವುದಿಲ್ಲವಲ್ಲ!

ನಾನಿರುವ ಇಂಗ್ಲೆಂಡಿನ ಲೆಸ್ಟರಿನಲ್ಲಿ ನಮ್ಮ ಬೀದಿಯ ವಯಸ್ಸಾದವರಿಗೆ ಒಂದು ಊಟದ ಕೂಟವಿದೆ. ಅದಕ್ಕಾಗಿ ನ್ಯಾಷನಲ್ ಲಾಟರಿ ಕಮ್ಯುನಿಟಿ ಫಂಡಿನ 'ಅವಾರ್ಡ್ಸ್ ಫಾರ್ ಆಲ್' ಅನುದಾನಕ್ಕೆ ಅರ್ಜಿ ಹಾಕಿದ್ದೆವು. 20,000 ಪೌಂಡ್‌ವರೆಗೂ ಕೇಳಬಹುದು. ನೋಂದಾಯಿತ ಚಾರಿಟಿ ಆಗಿರಬೇಕೆಂದೇನಿಲ್ಲ. ಬರೆದಿಟ್ಟ ನಿಯಮಾವಳಿ, ಸಂಘದ ಹೆಸರಿನ ಬ್ಯಾಂಕ್ ಖಾತೆ, ಸಮಿತಿಯಲ್ಲಿ ಪರಸ್ಪರ ನೆಂಟರಲ್ಲದ ಇಬ್ಬರಾದರೂ ಇದ್ದರೆ ಸಾಕು. (ಈ ಕೊನೆಯ ನಿಯಮವನ್ನು ನಮ್ಮೂರಿಗೆ ತಂದರೆ ಎಷ್ಟು ಟ್ರಸ್ಟು ಉಳಿದಾವೋ!) ನಾನು ಊರ ಬುದ್ಧಿಯಂತೆ ಕುಕ್ಕರು, ತಟ್ಟೆ, ಮೇಜು ಅಂತ ಪಟ್ಟಿ ಮಾಡಿ ಕಳಿಸಿದ್ದೆ. ಕೆಲವು ವಾರ ಕಳೆದು ಅಲ್ಲಿಂದ ಒಬ್ಬಾಕೆ ಫೋನ್ ಮಾಡಿ, "ಇದನ್ನೆಲ್ಲ ನೋಡಿಕೊಳ್ಳುವವರ ಕೂಲಿ ಎಲ್ಲಿ? ವಿಮೆ, ಕರೆಂಟು? ಅದೂ ಸೇರಿಸಿ" ಅಂದಳು. ನಾನು ಯಾರು, ಯಾರ ಕಡೆಯವನು ಅಂತ ಒಂದು ಮಾತು ಕೇಳಲಿಲ್ಲ.

ಊರಲ್ಲಿ ಮೇಷ್ಟ್ರ ಕೈಲಿ ಕಾಗದವೇನೂ ಕಡಿಮೆಯಿಲ್ಲ. ಆದಾಯ ತೆರಿಗೆಯವರ 12ಎ, 80ಜಿ, ಸಂಘಸಂಸ್ಥೆಗಳ ಸರ್ಕಾರಿ ಪಟ್ಟಿಯಾದ ದರ್ಪಣ್‌ನ ಸಂಖ್ಯೆ, ಕಂಪನಿಗಳ ಸಮಾಜಸೇವೆಯ (ಸಿಎಸ್‌ಆರ್) ಹಣ ಪಡೆಯಲು 2021ರಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಎಲ್ಲ ಇದೆ. ಆದರೆ 2013ರ ಕಂಪನಿ ಕಾಯ್ದೆ ಲಾಭದ ಶೇ 2ರಷ್ಟನ್ನು ಕೊಡಿ ಅನ್ನುವುದು 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭ ಮುಟ್ಟಿದ ಕಂಪನಿಗಳಿಗೆ. ನಮ್ಮ ಕಡೆ ಇರುವುದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತೋಟಗಳು. ಬೆಂಗಳೂರಿಗೆ ಹೋದರೆ ಒಂದು ಕಂಪನಿಯ ಹುಡುಗ "ಫಲಾನುಭವಿಗಳು ಸಾವಿರ ದಾಟ್ತಾರಾ ಸರ್?" ಅಂತ ಕೇಳಿದ. ಮೇಷ್ಟ್ರು ಛತ್ರಿ ತಗೊಂಡು ಎದ್ದು ಬಂದರು.

ಸರಿ, ನಾನೇ ಕೊಡೋಣ ಅಂದರೆ ಅದೂ ಆಗದು. ನಾನು ಬ್ರಿಟಿಷ್ ಪಾಸ್‌ಪೋರ್ಟಿನವನು. ಹುಟ್ಟಿದ್ದು ಮೂಡಿಗೆರೆಯಲ್ಲೇ ಆದರೂ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿದ್ದರೂ ನನ್ನ ನೂರು ಪೌಂಡು, ಹೊರದೇಶದ ದಾನವನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ವಿದೇಶಿ ವಂತಿಗೆ. ಅದನ್ನು ಪಡೆಯುವ ನೋಂದಣಿಗೆ ಟ್ರಸ್ಟಿಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ಮೇಲಂತೂ ಹಣ ಮೊದಲು ಇಳಿಯಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ. ಬಣಕಲ್‌ನ ಮಗುವಿನ ಕಾಲಿಗೆ ದೆಹಲಿಯ ಖಾತೆ! ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಸರ್ಕಾರಕ್ಕೂ ನಮ್ಮ ಯಜಮಾನರಿಗೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯ: ಒಳ್ಳೇ ಕೆಲಸ ಮಾಡುವವರು ಗಾಳಿ ಕುಡಿದು ಬದುಕಬೇಕು.

ಇಷ್ಟೆಲ್ಲ ಬೈದ ಮೇಲೆ ಎರಡು ಮಾತು ಒಪ್ಪಲೇಬೇಕು. ಲೆಸ್ಟರಿನ ಆ ದುಡ್ಡು ನಮ್ಮ ಬೀದಿಯ ಅಂಗಡಿಯಲ್ಲಿ ಲಾಟರಿ ಟಿಕೆಟ್ ಕೊಳ್ಳುವವರದ್ದು. ನನ್ನ ಕಣ್ಣಿಗೆ ಬಿದ್ದಂತೆ ಅವರ‍್ಯಾರೂ ಶ್ರೀಮಂತರಲ್ಲ. ಅನುದಾನದ ಅವಧಿ ಮುಗಿದ ದಿನ ಕೆಲಸವೂ ಮುಗಿಯುತ್ತದೆ, ಮತ್ತೆ ಅರ್ಜಿ, ಮತ್ತೆ ಚಂದದ ಇಂಗ್ಲಿಷು. ಅದು ಬಾರದ ಸೊಮಾಲಿ ಹೆಂಗಸರ ಗುಂಪೊಂದು ಅರ್ಜಿಯನ್ನೇ ಹಾಕದೆ ಸುಮ್ಮನಾಯಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಜೀಪಿಗೆ ಅಕ್ಕಿ, ಕಂಬಳಿ ತುಂಬಿಕೊಂಡು ಹೊರಟವರಲ್ಲಿ ಅದೇ ಯಜಮಾನರೂ ಇದ್ದರಂತೆ. ಯಾರೂ ಅವರಿಗೆ ಅರ್ಜಿ ಬರೆದಿರಲಿಲ್ಲ.

ಇನ್ನೊಂದನ್ನು ಹೇಳಿದವರು ಮೇಷ್ಟ್ರೇ. ಹೊರನಾಡಿನಲ್ಲಿ ಅನ್ನದಾನಕ್ಕೆ ರಸೀದಿ ಹರಿಸುವಾಗ ಅಡುಗೆಯವರ ಸಂಬಳ ಅದರಲ್ಲಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಮ್ಮವರು ನಿತ್ಯದ ಖರ್ಚಿಗೆ ಕೊಡುವುದಿಲ್ಲ ಅನ್ನುವುದು ಹಾಗಾದರೆ ಸುಳ್ಳು. ಅದಕ್ಕೆ ಒಂದು ದಿನ, ಒಂದು ನಕ್ಷತ್ರ, ಒಂದು ಹೆಸರು ಇರಬೇಕು ಅಷ್ಟೆ. ಮೇಷ್ಟ್ರು ಈಗ ಚಿಕ್ಕಮಗಳೂರಿನಲ್ಲಿ ರಸೀದಿ ಪುಸ್ತಕ ಅಚ್ಚು ಹಾಕಿಸಿದ್ದಾರೆ: ಮಗುವಿನ ಹುಟ್ಟುಹಬ್ಬ, ಅಪ್ಪನ ತಿಥಿ, ಯಾವುದಾದರೂ ಸರಿ, ಆ ದಿನದ ವ್ಯಾಯಾಮ ಸೇವೆ ನಿಮ್ಮ ಹೆಸರಲ್ಲಿ.

ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ಫೆಬ್ರವರಿ, ಮಾರ್ಚ್ ತಿಂಗಳ ದಿನಗಳು ಬೇಗ ತುಂಬಿದವು. ಮಳೆಗಾಲದ ಮೂರು ತಿಂಗಳು ಇನ್ನೂ ಖಾಲಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಅಂಥ ಗೆಳೆಯರಿಗೆಲ್ಲ ಫೋನ್ ಮಾಡುತ್ತಿದ್ದೇನೆ.