ಓದಿದ್ದೇನೆ, ಒಪ್ಪಿದ್ದೇನೆ

ಮನುಷ್ಯರು ಯಾವ ವಿಷಯದಲ್ಲೂ ಒಮ್ಮತಕ್ಕೆ ಬರುವುದಿಲ್ಲ ಅಂತ ಯಾರೋ ಸುಮ್ನೆ ಪುಕಾರು ಹಬ್ಬಿಸಿದ್ದಾರೆ. ಎಡದವರನ್ನು ಕಂಡರೆ ಬಲದವರಿಗೆ ಆಗುವುದಿಲ್ಲ. ಆಸ್ತಿಕರು, ನಾಸ್ತಿಕರ ಜಗಳ ಮುಗಿಯುವುದಿಲ್ಲ. ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದು ಒಂದೇ ಕೋಣೆಯಲ್ಲಿ ಮಲಗುವ ಇಬ್ಬರ ನಡುವೆ ಇತ್ಯರ್ಥವಾಗುವುದಿಲ್ಲ. ಎಲ್ಲ ನಿಜ. ಆದರೆ ಇವರೆಲ್ಲರ ಕೈಗೆ ಒಂದೊಂದು ಫೋನ್ ಕೊಟ್ಟು, ಯಾವುದಾದರೂ ಆ್ಯಪಿನ ಮಾರುದ್ದದ ಷರತ್ತುಗಳನ್ನು ತೋರಿಸಿ ನೋಡಿ. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಒಪ್ಪಿರುತ್ತಾರೆ. ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ, ಸಭಾತ್ಯಾಗ ಇಲ್ಲ. ವಿಶ್ವಸಂಸ್ಥೆ 1945ರಿಂದ ಹುಡುಕುತ್ತಿರುವ ಒಮ್ಮತ ನಮ್ಮ ಹೆಬ್ಬೆರಳ ತುದಿಯಲ್ಲೇ ಇತ್ತು.

ಒಪ್ಪುವುದರಲ್ಲಿ ನಾನು ಯಾರಿಗೂ ಕಮ್ಮಿ ಇಲ್ಲ. ಟಾರ್ಚ್ ಆ್ಯಪ್‌ಗೆ ನಮ್ಮ ಚಿಕ್ಕಮ್ಮನ ಫೋನ್ ನಂಬರ್ ಯಾಕೆ ಬೇಕು ಅಂತ ಕೇಳುವುದು ಸಭ್ಯರ ಲಕ್ಷಣವಲ್ಲ. ಕತ್ತಲಲ್ಲಿ ಹೆದರಿಕೆಯಾದರೆ ಅದೂ ಯಾರಿಗಾದರೂ ಫೋನ್ ಮಾಡಬೇಕಲ್ವಾ, ಪಾಪ.

ನನಗೆ ಗೊತ್ತಿರುವವರಲ್ಲಿ ಷರತ್ತುಗಳನ್ನು ನಿಜವಾಗಿ ಓದಲು ಹೊರಟವರು ನಮ್ಮ ದೊಡ್ಡಪ್ಪ ಒಬ್ಬರೇ. ಜೀವಮಾನವಿಡೀ ಕ್ರಯಪತ್ರ, ಕರಾರುಪತ್ರ ಬರೆದವರು. ಕನ್ನಡಕ ಒರೆಸಿಕೊಂಡರು. ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ತೋರುಬೆರಳಿನಿಂದ ಒಂದೊಂದೇ ಸಾಲು ಮೇಲಕ್ಕೆ ತಳ್ಳುತ್ತಾ ಕೂತರು. ಏಳನೇ ಕಲಮಿಗೆ ಬರುವಷ್ಟರಲ್ಲಿ ಪರದೆ ಆರಿತು. ಮತ್ತೆ ತೆರೆದರೆ ಒಂದನೇ ಕಲಮು. ಬೇಸರಿಸಿಕೊಳ್ಳದೆ ಮತ್ತೆ ಶುರು ಮಾಡಿದರು.

"ಇದರಲ್ಲಿ ಬರೆದುಕೊಟ್ಟವರು ಯಾರೋ, ಬರೆಸಿಕೊಂಡವರು ಯಾರೋ?"

"ಬರೆದುಕೊಟ್ಟವರು ನೀವೇ ದೊಡ್ಡಪ್ಪ."

"ನಾನಾ? ಸಾಕ್ಷಿಗಳು?"

"ಸಾಕ್ಷಿ ಎಲ್ಲ ಬೇಕಾಗಲ್ಲ."

"ಈ ಕರಾರನ್ನು ಅವರು ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತಿದೆಯಲ್ಲೋ. ಇಂಥ ಪತ್ರ ಬರೆದಿದ್ದರೆ ಜನ ನನ್ನನ್ನು ಅಟ್ಟಿಸಿಕೊಂಡು ಹೊಡೀತಿದ್ದರು."

ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಸಂಜೆ ಮಳೆ ಬರುತ್ತದಾ ಅಂತ ಆ್ಯಪಿನಲ್ಲಿ ನೋಡುವುದು. ಹನ್ನೊಂದನೇ ಕಲಮು ಮುಗಿಯುವಷ್ಟರಲ್ಲಿ ಮಳೆ ಬಂದು ನಿಂತಿತ್ತು.

ದೊಡ್ಡಪ್ಪನಂಥ ಹಟಮಾರಿಗಳು ನಾರ್ವೆಯಲ್ಲೂ ಇದ್ದಾರೆ. ಅಲ್ಲಿನ ಗ್ರಾಹಕ ಮಂಡಳಿ 2016ರಲ್ಲಿ, ಒಂದು ಸಾಮಾನ್ಯ ಫೋನಿನಲ್ಲಿ ಇರಬಹುದಾದ 33 ಆ್ಯಪ್‌ಗಳ ಷರತ್ತುಗಳನ್ನು ಜೋರಾಗಿ ಓದಿಸಿತು. ನೇರ ಪ್ರಸಾರ ಬೇರೆ. ಓದಿ ಮುಗಿಸಲು ಹತ್ತಿರ ಹತ್ತಿರ 32 ಗಂಟೆ ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಎಷ್ಟು ಷರತ್ತುಗಳು ಅಪ್‌ಡೇಟ್ ಆದವೋ ದೇವರೇ ಬಲ್ಲ.

ಓದದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ವಿಡಿಯೋ ಗೇಮ್ ಕಂಪನಿ 2010ರ ಏಪ್ರಿಲ್ 1ರಂದು ತನ್ನ ಷರತ್ತುಗಳ ನಡುವೆ ಒಂದು ಸಾಲು ತೂರಿಸಿತು: ಗಿರಾಕಿಯ ಅಮರ ಆತ್ಮದ ಮೇಲೆ ಹಕ್ಕು ನಮ್ಮದು. ಸುಮಾರು 7,500 ಮಂದಿ ಆತ್ಮ ಬರೆದುಕೊಟ್ಟು, ಗೇಮ್ ತೆಗೆದುಕೊಂಡು ನೆಮ್ಮದಿಯಾಗಿ ಹೋದರು. ಹಿಂದಿನ ಕಾಲದಲ್ಲಿ ಸೈತಾನನಿಗೆ ಆತ್ಮ ಮಾರುವವರು ಬದಲಿಗೆ ಅಪಾರ ಜ್ಞಾನವನ್ನೋ ರಾಜ್ಯವನ್ನೋ ಕೇಳುತ್ತಿದ್ದರು. ಈಗ ದುಡ್ಡನ್ನೂ ನಾವೇ ಕೊಡುತ್ತೇವೆ. 2017ರಲ್ಲಿ ಪರ್ಪಲ್ ಎಂಬ ವೈಫೈ ಕಂಪನಿಯದು ಇನ್ನೊಂದು ತಮಾಷೆ. ಉಚಿತ ವೈಫೈ ಬೇಕಾದರೆ 1,000 ಗಂಟೆ ಸಮಾಜಸೇವೆ ಮಾಡಬೇಕು ಅಂತ ಬರೆದಿತ್ತು. ಅದರಲ್ಲಿ ಶೌಚಾಲಯ ತೊಳೆಯುವುದೂ ಸೇರಿತ್ತು, ಬೀದಿನಾಯಿಗಳನ್ನು ಅಪ್ಪಿಕೊಳ್ಳುವುದೂ ಸೇರಿತ್ತು. ಎರಡು ವಾರದಲ್ಲಿ 22,000ಕ್ಕೂ ಜಾಸ್ತಿ ಜನ ಒಪ್ಪಿದರು. ಗಮನಿಸಿದವರು ಒಬ್ಬರು. ನಾಯಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಇಲ್ಲದಿದ್ದರೆ ಕಾಯುತ್ತಾ ಕೂರುತ್ತಿದ್ದವು.

ಇದು ತಮಾಷೆ. ತಮಾಷೆ ಅಲ್ಲದ್ದೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿ ತಾಣದ ಹೋಟೆಲೊಂದರಲ್ಲಿ ಉಂಡ ಮೇಲೆ ಹೆಂಡತಿ ಅಲರ್ಜಿಯಿಂದ ಸತ್ತರೆಂದು ಗಂಡ ಕೇಸು ಹಾಕಿದರು. 2024ರಲ್ಲಿ ಡಿಸ್ನಿಯ ವಕೀಲರು ಮುಂದಿಟ್ಟ ವಾದಗಳಲ್ಲಿ ಒಂದು ಹೀಗಿತ್ತು: ಇವರು 2019ರಲ್ಲಿ ಸಿನಿಮಾ ನೋಡುವ ಡಿಸ್ನಿ ಪ್ಲಸ್ ಆ್ಯಪಿನ ಟ್ರಯಲ್ ತೆಗೆದುಕೊಂಡಾಗ ಷರತ್ತು ಒಪ್ಪಿದ್ದಾರೆ, ಹಾಗಾಗಿ ಕೋರ್ಟಿಗೆ ಬರುವಂತಿಲ್ಲ, ಮಧ್ಯಸ್ಥಿಕೆಗೇ ಹೋಗಬೇಕು. ಊರೆಲ್ಲ ಉಗಿದ ಮೇಲೆ ಕಂಪನಿ ಆ ವಾದವನ್ನು ಕೈಬಿಟ್ಟಿತು. ಕೈಬಿಟ್ಟದ್ದು ಆ ಒಂದು ಕೇಸಿನಲ್ಲಿ.

ನನಗೆ ಇಂಥ ಹೊತ್ತಿನಲ್ಲಿ ಹಮ್ಮುರಾಬಿಯ ನೆನಪಾಗುತ್ತದೆ. ಸುಮಾರು 3,700 ವರ್ಷಗಳ ಹಿಂದಿನ ಬ್ಯಾಬಿಲೋನಿನ ರಾಜ. ತನ್ನ ಕಾನೂನನ್ನೆಲ್ಲ ಆಳೆತ್ತರಕ್ಕೂ ಮೀರಿದ ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಶಿಕ್ಷೆಗಳು ಘೋರ, ಅನುಮಾನವೇ ಇಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಕೆತ್ತಿಸಿದ್ದಾನೆ: ಅನ್ಯಾಯವಾದವರು ಈ ಕಲ್ಲಿನ ಮುಂದೆ ಬಂದು, ಬರೆದದ್ದನ್ನು ಓದಿಸಿ ಕೇಳಿಸಿಕೊಳ್ಳಲಿ. ಕಣ್ಣು ಕೀಳುವ ಕಾಲದ ದೊರೆಗೂ ಪ್ರಜೆಗೆ ಕಾನೂನು ಗೊತ್ತಾಗಲಿ ಎಂಬ ಆಸೆ ಇತ್ತು. ಇನ್ನೊಂದು ಅನುಕೂಲವೂ ಇತ್ತು. ಕಲ್ಲನ್ನು ರಾತ್ರೋರಾತ್ರಿ ಅಪ್‌ಡೇಟ್ ಮಾಡೋಕಾಗಲ್ಲ.

ಓದದೆ ಒಪ್ಪುವುದು ಬಡಪಾಯಿ ಬಳಕೆದಾರರ ಚಟ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಪೇಟ್ರಿಯಾಟ್ ಕಾಯ್ದೆ ನೂರಾರು ಪುಟದ್ದು. 2001ರ ಸೆಪ್ಟೆಂಬರ್‌ನ ಉಗ್ರರ ದಾಳಿಯಾಗಿ 45 ದಿನಕ್ಕೆ ಕಾನೂನಾಯಿತು. ಜನರ ಫೋನು, ಇಮೇಲ್‌ಗಳ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಹೊಸ ಅಧಿಕಾರ ಸಿಕ್ಕಿತು. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 98 ಮಂದಿ ಹೂಂ ಅಂದರು. ಉಹೂಂ ಅಂದವರು ರಸ್ ಫೈನ್‌ಗೋಲ್ಡ್ ಒಬ್ಬರೇ. ಅವರಿಗೂ ಒಬ್ಬ ದೊಡ್ಡಪ್ಪ ಇದ್ದಿರಬೇಕು.

ಆದರೂ ರಾಜಕಾರಣಿಗಳು ಆ್ಯಪ್ ಮಾಡುವವರಿಂದ ಕಲಿಯುವುದು ಇನ್ನೂ ಬಹಳ ಇದೆ. ಆ ಪರದೆಗಳಲ್ಲಿ 'ಒಪ್ಪುತ್ತೇನೆ' ದಪ್ಪ ನೀಲಿಯಲ್ಲಿ ಹೊಳೆಯುತ್ತಿರುತ್ತದೆ. ಪಕ್ಕದಲ್ಲಿ ಬೂದು ಬಣ್ಣದ ಸಣಕಲು ಅಕ್ಷರದಲ್ಲಿ 'ಈಗ ಬೇಡ'. ಬರೀ 'ಬೇಡ' ಅನ್ನುವ ಗುಂಡಿ ಎಷ್ಟೋ ಕಡೆ ಇರುವುದೇ ಇಲ್ಲ. ಮತಯಂತ್ರ ಮಾಡುವವರಿಗೆ ಇನ್ನೂ ಈ ಕಲೆ ಸಿದ್ಧಿಸಿಲ್ಲ. ಪಕ್ಷಗಳಂತೂ ಪ್ರಣಾಳಿಕೆಯನ್ನು ಚುನಾವಣೆಗೆ ಮೊದಲೇ ಅಚ್ಚು ಹಾಕಿಸಿ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತವೆ. ಗೆದ್ದ ಮೇಲೆ ಎಲ್ಲರಿಗೂ ಒಂದು ಮೆಸೇಜ್ ಕಳಿಸಿದರೆ ಸಾಕಲ್ವಾ? "ನಮ್ಮ ಭರವಸೆಗಳು ಬದಲಾಗಿವೆ. ಇನ್ನು ಮುಂದೆಯೂ ಈ ದೇಶದಲ್ಲಿ ಉಸಿರಾಡಿದರೆ ನೀವು ಅವುಗಳನ್ನು ಒಪ್ಪಿದಂತೆ." ವಿರೋಧ ಪಕ್ಷದವರು 'ಆಮೇಲೆ ನೆನಪಿಸಿ' ಒತ್ತಿ, ಮುಂದಿನ ಚುನಾವಣೆವರೆಗೆ ಆರಾಮಾಗಿ ಮಲಗಬಹುದು.